ಮೆನು, ಒಂದು, ಮೂರು

ಮಡಿಕೇರಿಯ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಟೆಲಿಫೋನ್ ಆಪರೇಟರ್. ಹುಟ್ಟಿದಾಗಿನಿಂದ ನನಗೆ ಕಣ್ಣು ಕಾಣುವುದಿಲ್ಲ. ಅಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಬೇಸಾಯ ಮಾಡಿದವರು. ಅವರು ತೀರಿಕೊಂಡ ಮೇಲೆ ಜಮೀನನ್ನು ಅಣ್ಣನಿಗೆ ಬಿಟ್ಟು ಅಮ್ಮ ನನ್ನ ಕ್ವಾರ್ಟರ್ಸಿಗೆ ಬಂದು ನೆಲೆಸಿದಳು.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಟೆಲಿಫೋನ್ ಬೋರ್ಡಿಗೆ ಪುರುಸೊತ್ತೇ ಇರುತ್ತಿರಲಿಲ್ಲ. ಒಬ್ಬರು ಕೊಡವ ಭಾಷೆಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುವರು, ಇನ್ನೊಬ್ಬರು ಮಲಯಾಳದಲ್ಲಿ ಬೈದು ಉರ್ದುವಿನಲ್ಲಿ ಕ್ಷಮೆ ಕೇಳುವರು. ಹಾಗೆ ಕಿವಿಯಿಂದಲೇ ಈ ಜಿಲ್ಲೆಯ ಭಾಷೆಗಳೆಲ್ಲ ನನಗೆ ಬಂದವು. ಈಗ ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆ. ಬೋರ್ಡು ಹೆಚ್ಚಿನ ಹೊತ್ತು ಸುಮ್ಮನೆ ಕೂತಿರುತ್ತದೆ, ನಾನೂ ಕೂತಿರುತ್ತೇನೆ. ಅದಕ್ಕೇ, ಮಳೆಗಾಲದಲ್ಲಿ ಟವರುಗಳು ಸತ್ತಾಗ ರೇಡಿಯೋದಲ್ಲಿ ಸುದ್ದಿ ಮುಟ್ಟಿಸಲು ಸ್ವಯಂಸೇವಕರ ತಂಡವೊಂದು ಆಗುತ್ತಿದೆ ಎಂದು ಕೇಳಿದ ಕೂಡಲೇ ಹೆಸರು ಕೊಟ್ಟೆ. ಹವ್ಯಾಸಿ ರೇಡಿಯೋ ಪರೀಕ್ಷೆಗೆ ಓದಿ, ನಾನು ಹೇಳಿದ್ದನ್ನು ಬರೆಯುವವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಸೂ ಆದೆ. ಲೈಸೆನ್ಸ್ ಬಂದ ಮೇಲೆ ಅಂಗೈಯಗಲದ ಒಂದು ಸೆಟ್ಟನ್ನು ತರಿಸಿಕೊಂಡೆ.

ತಂಡವನ್ನು ಕಟ್ಟಿದವರು ಸೈನ್ಯದ ಸಿಗ್ನಲ್ಸ್ ವಿಭಾಗದಲ್ಲಿದ್ದು ನಿವೃತ್ತರಾದ ಒಬ್ಬ ಸುಬೇದಾರರು. ಕೊಡವರು, ಗಟ್ಟಿ ಗಂಟಲು, ಒಳ್ಳೆಯ ಮನುಷ್ಯ. ಮೊದಲ ತರಬೇತಿಯ ದಿನ ಎಲ್ಲರ ಸೆಟ್ಟುಗಳನ್ನೂ ಒಂದೊಂದಾಗಿ ಕಂಪ್ಯೂಟರಿಗೆ ವೈರಿನಲ್ಲಿ ಜೋಡಿಸಿ, ಚಾನೆಲ್‌ಗಳನ್ನು ತುಂಬಿಸಿ ವಾಪಸ್ ಕೊಡುತ್ತಿದ್ದರು. ನನ್ನ ಸರದಿ ಬಂದಾಗ ನಾನು ಸೆಟ್ಟನ್ನು ಕೊಡಲಿಲ್ಲ.

"ಇದಕ್ಕೆ ನಾನೇ ಪ್ರೋಗ್ರಾಂ ಮಾಡ್ತೀನಿ ಸಾರ್."

"ನಿಮಗೆ ಎಂತಕ್ಕೆ ಮಾರಾಯ್ರೆ ಆ ತಲೆನೋವು? ನೀವು ಬರೀ ಮಾತಾಡಿ. ಉಳಿದದ್ದು ನಾವು ಮಾಡಿ ಕೊಡ್ತೇವೆ."

"ಅಲ್ಲ ಸಾರ್, ಮಳೆ ಹೊಡೀತಿರೋವಾಗ ಚಾನೆಲ್ ಬದಲಾಯಿಸ್ಬೇಕು ಅಂದ್ರೆ? ಆಗ ನಿಮ್ಮನ್ನೂ ನಿಮ್ಮ ವೈರನ್ನೂ ಎಲ್ಲಿ ಹುಡುಕ್ಲಿ?"

ಅವರು ನಕ್ಕು, ಬೇಕಾದ ಅಂಕಿಗಳನ್ನೆಲ್ಲ ನಿಧಾನವಾಗಿ ಓದಿ ಹೇಳಿದರು. ನಾನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡೆ.

ಮನೆಗೆ ಬಂದು ಸೆಟ್ಟಿನ ಗುಂಡಿ ತಿರುಗಿಸಿದರೆ ಒಳಗಿನಿಂದ ಒಬ್ಬ ಹೆಂಗಸು ಚೀನೀ ಭಾಷೆಯಲ್ಲಿ ಏನೋ ಗದರಿದಳು. ಅಮ್ಮ ಅಡುಗೆಮನೆಯಿಂದ ಓಡಿಬಂದಳು.

"ಅದ್ಯಾವಳೇ ಅವಳು, ಒಳಗ್ ಕೂತ್ಕೊಂಡು ಮಾತಾಡೋಳು?"

ಅವಳನ್ನು ಇಂಗ್ಲಿಷಿಗೆ ತರಲು ಮಧ್ಯಾಹ್ನವೆಲ್ಲ ಬೇಕಾಯಿತು. ಕಂಪ್ಯೂಟರ್ ಮೂಲಕ ಮಾಡೋಣವೆಂದರೆ, ನನಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶ ಚಾನೆಲ್ ತುಂಬುವ ಪುಟದ ಮೇಲೆ ಹೋದಾಗಲೆಲ್ಲ "ಖಾಲಿ, ಖಾಲಿ, ಖಾಲಿ" ಎನ್ನುತ್ತಿತ್ತು. ಕೊನೆಗೆ ಕಂಪ್ಯೂಟರ್ ಮುಚ್ಚಿಟ್ಟು ಸೆಟ್ಟಿನ ಕೀಲಿಗಳ ಮೇಲೇ ಬೆರಳಿಟ್ಟೆ.

ಕೆಲಸ ಏನೆಂದು ಇಲ್ಲಿ ಸ್ವಲ್ಪ ಹೇಳಬೇಕು. ಕೈಸೆಟ್ಟಿನ ದನಿ ನಮ್ಮ ಗುಡ್ಡಗಳನ್ನು ದಾಟುವುದಿಲ್ಲ. ಎತ್ತರದ ಬೆಟ್ಟದ ಮೇಲೆ ಕೂತ ರಿಪೀಟರ್ ಎಂಬ ಯಂತ್ರ ಆ ದನಿಯನ್ನು ಹಿಡಿದು, ಜೋರು ಮಾಡಿ, ಜಿಲ್ಲೆಗೆಲ್ಲ ಮತ್ತೆ ಹೇಳುತ್ತದೆ. ಅದು ಮಾತಾಡುವ ಫ್ರೀಕ್ವೆನ್ಸಿ ಒಂದು, ಕೇಳಿಸಿಕೊಳ್ಳುವುದು ಇನ್ನೊಂದು. ಇವೆರಡರ ನಡುವಿನ ಅಂತರವೇ ಶಿಫ್ಟ್. ಇದರ ಜೊತೆಗೆ ನಮ್ಮ ಮಾತಿನ ಅಡಿಯಲ್ಲಿ ಸಣ್ಣ ಗುಂಯ್‌ಗುಡುವಿಕೆಯೊಂದನ್ನು ಸೆಟ್ಟು ಕಳಿಸುತ್ತಿರಬೇಕು. ಅದು ಟೋನ್. ಸರಿಯಾದ ಟೋನ್ ಇಲ್ಲದವರಿಗೆ ರಿಪೀಟರ್ ಬಾಗಿಲು ತೆಗೆಯುವುದಿಲ್ಲ.

ಮೆನು ಒತ್ತಿ ಒಂದು, ಮೂರು ಒತ್ತಿದರೆ ಟೋನಿನ ಜಾಗ. ಎರಡು, ಐದು ಒತ್ತಿದರೆ ಶಿಫ್ಟಿನ ಜಾಗ. ಯಾವ ಜಾಗಕ್ಕೆ ಬಂದೆ ಎಂದು ಒಳಗಿನ ಹೆಂಗಸು ಹೇಳುತ್ತಾಳೆ, ಆದರೆ ಅಲ್ಲಿ ಏನು ಕೂತಿದೆ ಎಂದು ಹೇಳುವುದಿಲ್ಲ. ಅದನ್ನು ಅಮ್ಮ ಹೇಳಿದಳು. ಇಂಗ್ಲಿಷ್ ಅಕ್ಷರ ಅವಳಿಗೆ ಬಾರದು, ಅಂಕಿ ಬರುತ್ತದೆ. ಕನ್ನಡಕ ಏರಿಸಿಕೊಂಡು, ಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು, "ಒಂದು, ಎರಡು, ಮೂರು, ಆಮೇಲೊಂದು ಚುಕ್ಕಿ, ಸೊನ್ನೆ ಕಣವ್ವ" ಎಂದು ಓದುತ್ತಿದ್ದಳು. ಉಳಿಸಿಟ್ಟ ಚಾನೆಲ್ ಮತ್ತು ಅಂಕಿ ಒತ್ತಿ ಹಿಡಿಯುವ ಬಿಡಿ ಫ್ರೀಕ್ವೆನ್ಸಿಯ ನಡುವೆ ಬದಲಾಯಿಸುವ ಗುಂಡಿ ಕಿತ್ತಳೆ ಬಣ್ಣದ್ದು ಎಂದು ತಿಳಿದದ್ದೂ ಅವಳಿಂದಲೇ.

ಮೊದಲ ದಿನ ನನ್ನ ದನಿ ರಿಪೀಟರ್ ಮುಟ್ಟಿತು. ಕೊಡ್ಲಿಪೇಟೆಯಿಂದ ಯಾರೋ ಉತ್ತರ ಕೊಟ್ಟರು. ನಾನು ಅಮ್ಮನ ಕೈ ಹಿಡಿದು ಕುಣಿದದ್ದೇ ಕುಣಿದದ್ದು. ಮಾರನೆಯ ದಿನ ಕರೆದರೆ ಒಬ್ಬರಿಗೂ ಕೇಳಿಸಲಿಲ್ಲ. ಎಲ್ಲರ ಮಾತೂ ನನಗೆ ಕೇಳಿಸುತ್ತಿದೆ, ನನ್ನ ಮಾತು ಮಾತ್ರ ಯಾರಿಗೂ ಇಲ್ಲ. ಟೋನ್ ಮತ್ತೆ ಇಟ್ಟೆ, ಸರಿಹೋಯಿತು. ಚಾನೆಲ್ ಬದಲಾಯಿಸಿ ವಾಪಸ್ ಬಂದರೆ ಮತ್ತೆ ಮಾಯ. ಸೆಟ್ಟು ಕೆಟ್ಟಿದೆ, ಬೇರೆಯದು ತಗೊಳ್ಳಿ ಎಂದು ಒಬ್ಬರು ಸಲಹೆ ಕೊಟ್ಟರು.

ಕೆಟ್ಟಿರಲಿಲ್ಲ. ನಾನು ಫ್ರೀಕ್ವೆನ್ಸಿಯನ್ನು ಮೊದಲು ಚಾನೆಲ್ಲಿನಲ್ಲಿ ಉಳಿಸಿ, ಟೋನನ್ನು ಆಮೇಲೆ ಸೇರಿಸುತ್ತಿದ್ದೆ. ಮುಚ್ಚಿದ ಡಬ್ಬಿಯ ಮೇಲೆ ಉಪ್ಪು ಹಾಕಿದ ಹಾಗೆ. ಅಲುಗಿಸಿದರೆ ಉದುರಿ ಹೋಗುತ್ತದೆ. ಫ್ರೀಕ್ವೆನ್ಸಿ, ಶಿಫ್ಟ್, ಟೋನ್ ಎಲ್ಲ ಕೂತ ಮೇಲೆ ಕಟ್ಟಕಡೆಗೆ ಉಳಿಸಬೇಕು. ಅದೂ ಹಳೆಯ ಚಾನೆಲ್ಲನ್ನು ಅಳಿಸಿಯೇ ಉಳಿಸಬೇಕು. ಇದು ಹೊಳೆದದ್ದು ಬಸ್ಸಿನಲ್ಲಿ ನಿಂತಿದ್ದಾಗ. ನನ್ನ ಸ್ಟಾಪು ದಾಟಿಹೋಯಿತು, ನನಗೆ ಗೊತ್ತೂ ಆಗಲಿಲ್ಲ. ಮನೆಗೆ ನಡೆದುಕೊಂಡು ಬಂದು, ಚಪ್ಪಲಿ ಬಿಚ್ಚುವ ಮೊದಲೇ ಸೆಟ್ಟು ಹಿಡಿದೆ. ಆಮೇಲೆ ಆ ಟೋನ್ ಎಲ್ಲಿಗೂ ಹೋಗಲಿಲ್ಲ. ಆ ವಾರ ರೇಡಿಯೋದಲ್ಲಿ ತಂಡದ ಹಾಜರಿ ತೆಗೆಯುವಾಗ ಸುಬೇದಾರರು "ಯಾರದು ಇಷ್ಟು ಕ್ಲಿಯರ್?" ಎಂದಾಗ ಲೈಸೆನ್ಸಿನ ಜೊತೆ ಬಂದ ನನ್ನ ಕರೆಸಂಕೇತವನ್ನು ಒಂದೊಂದೇ ಅಕ್ಷರವಾಗಿ, ಸಾವಕಾಶವಾಗಿ ಹೇಳಿದೆ. ಅಷ್ಟು ಸಾವಕಾಶ ಬೇಕಿರಲಿಲ್ಲ. ಬೇಕೆಂದೇ ಹೇಳಿದೆ.

ಅದರ ಮುಂದಿನ ಮಳೆಗಾಲದಲ್ಲಿ ಒಂದು ದಿನ ಬೆಳಗಿನಿಂದ ಗಾಳಿ ಬೀಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕರೆಂಟು ಹೋಯಿತು, ಹಿಂದೆಯೇ ಮೊಬೈಲು. ತಂಡದವರು ನನ್ನನ್ನು ನಮ್ಮ ಕಚೇರಿಯ ಮಹಡಿಯಲ್ಲಿ ಕೂರಿಸಿದ್ದರು. ಎಲ್ಲರ ಮಾತಿಗೆ ಸರದಿ ಕೊಡುವ ಕೆಲಸ ನನ್ನದು. ಇದ್ದಕ್ಕಿದ್ದಂತೆ ಸಿಡಿಲಿನ ಸದ್ದು ಕೇಳಿತು. ಆಮೇಲೆ ರಿಪೀಟರ್ ಸೊಲ್ಲೆತ್ತಲಿಲ್ಲ.

ಸುಬೇದಾರರು ಒಂದು ಎರವಲು ರಿಪೀಟರನ್ನೂ ಕಾರಿನ ಬ್ಯಾಟರಿಯನ್ನೂ ಹೇರಿಕೊಂಡು ಭಾಗಮಂಡಲದ ದಿಕ್ಕಿನ ಗುಡ್ಡವೊಂದಕ್ಕೆ ಹೊರಟರು. ನಾವು ಉಳಿದವರು ಮೊದಲೇ ಮಾತಾಡಿಕೊಂಡ ಹಾಗೆ ರಿಪೀಟರ್ ಬೇಡದ ನೇರ ಚಾನೆಲ್ಲಿಗೆ ಬಂದೆವು. ಅದರಲ್ಲಿ ಹತ್ತಿರದವರು ಚೆನ್ನಾಗಿ ಕೇಳಿಸುತ್ತಾರೆ, ದೂರದವರು ಕೈಯಿಂದ ಕೈಗೆ ದಾಟಿಸಬೇಕು. ಭಾಗಮಂಡಲದ, ಅರೆಭಾಷೆ ಮನೆಮಾತಿನ ಒಬ್ಬ ಮೇಷ್ಟ್ರು ತಮ್ಮ ಜೀಪಿಗೆ ದೊಡ್ಡ ಆಂಟೆನಾ ಕಟ್ಟಿದ್ದರು. ತಲಕಾವೇರಿ ರಸ್ತೆಯ ಎತ್ತರದ ತಿರುವಿನಿಂದ ಅವರು ನನ್ನನ್ನು ಕರೆದರು.

"ಮೇಡಂ, ಕರಿಕೆ ಡ್ರೈವರ್ ಎಂಥದೋ ಹೇಳ್ತಾ ಉಟ್ಟು. ತುಂಡು ತುಂಡು. ನಂಗೆ ಗೊತ್ತಾದು ಒಂದೇ ಮಾತು, ಪಾಂಬು."

ಪಾಂಬು ಎಂದರೆ ಹಾವು. ಕೇರಳದ ಗಡಿಯಂಚಿನ ಕರಿಕೆಯ ಆ ಜೀಪು ಡ್ರೈವರ್ ನಮ್ಮ ತಂಡದವನೇ, ಮಲಯಾಳ ಮನೆಮಾತಿನವನು. ಅವನ ಸೆಟ್ಟು ಸಣ್ಣದು. ಮೇಷ್ಟ್ರ ದನಿ ಅವನಿಗೆ ಮುಟ್ಟುತ್ತದೆ, ಅವನ ದನಿ ಇತ್ತ ಪೂರ್ತಿ ಬರುವುದಿಲ್ಲ.

ಅಷ್ಟರಲ್ಲಿ ಗುಡ್ಡದ ಮೇಲಿನಿಂದ ಸುಬೇದಾರರ ದನಿ ಸೆಟ್ಟಿನಲ್ಲಿ ಬಂತು, ಏದುಸಿರಿನ ನಡುವೆ. "ರಿಪೀಟರ್ ಬಾಕ್ಸ್ ಆನ್ ಆಯ್ತು. ಆದ್ರೆ ಇದರ ಫ್ರೀಕ್ವೆನ್ಸಿ ಬೇರೆ, ಟೋನ್ ಬೇರೆ. ಯಾರ ಸೆಟ್ಟಿನಲ್ಲೂ ಇಲ್ಲ ಮಾರಾಯ್ರೆ. ವೈರ್ ಹಾಕಿ ತುಂಬಿಸ್ಲಿಕ್ಕೆ ಎಲ್ಲಿ ಹೋಗುದು ಈಗ?"

"ಅಂಕಿ ಹೇಳಿ ಸಾರ್," ಎಂದೆ.

ಅವರು ಹೇಳಿದರು. ನಾನು ಒಮ್ಮೆ ಬೆರಳಲ್ಲಿ ಒತ್ತಿ ನೋಡಿಕೊಂಡೆ, ವಾಪಸ್ ನೇರ ಚಾನೆಲ್ಲಿಗೆ ಬಂದೆ. ಒಂದು ತೊಡಕಿತ್ತು. ಕಿತ್ತಳೆ ಗುಂಡಿ ಒತ್ತಿದ ಕ್ಷಣಕ್ಕೆ ಅವರೆಲ್ಲ ಈ ಚಾನೆಲ್ ಬಿಟ್ಟು ಹೋಗುತ್ತಾರೆ. ಆಮೇಲೆ ನನ್ನ ದನಿ ಅವರಿಗಿಲ್ಲ. ಹಾಗಾಗಿ ಪೂರ್ತಿ ಪಾಠ ಮೊದಲೇ ಬಾಯಿಗೆ ಬರಬೇಕು.

"ಎಲ್ಲರೂ ಕೇಳಿ. ಈಗ ಯಾರೂ ಏನೂ ಒತ್ಬೇಡಿ. ಮಗ್ಗಿ ಹೇಳ್ದಂಗೆ ನಾನ್ ಹೇಳ್ತೀನಿ, ನೀವೂ ಬಾಯಲ್ಲಿ ಹೇಳ್ಕೊಳ್ಳಿ. ಕಿತ್ತಳೆ ಗುಂಡಿ. ಆಮೇಲೆ ಆರು ಅಂಕಿ. ಮೆನು, ಎರಡು, ಐದು, ಮೆನು, ಕೆಳಗಿನ ಬಾಣ ಎರಡು ಸಲ, ಮೆನು. ಮೆನು, ಒಂದು, ಮೂರು, ಮೆನು, ಟೋನಿನ ನಾಲ್ಕು ಅಂಕಿ, ಮೆನು. ಹೊರಗೆ ಬನ್ನಿ."

ಸುಬೇದಾರರು ಕೊಟ್ಟ ಅಂಕಿಗಳನ್ನು ಸೇರಿಸಿ ಕನ್ನಡದಲ್ಲಿ ಹೇಳಿದೆ, ನಡುನಡುವೆ ಕೊಡವ ಭಾಷೆಯಲ್ಲಿ ಹೇಳಿದೆ, ತಮಿಳಿನಲ್ಲಿ ಹೇಳಿದೆ. ಒಬ್ಬೊಬ್ಬರಿಂದ ತಿರುಗಿ ಹೇಳಿಸಿದೆ. ಶನಿವಾರಸಂತೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರು ಟೋನಿನಲ್ಲಿ ಎರಡು ಸಲ ತಪ್ಪಿದರು, ಮೂರನೆಯ ಸಲ ಹಾಡಿದ ಹಾಗೆ ಒಪ್ಪಿಸಿದರು. ಕೊನೆಗೆ ಮೇಷ್ಟ್ರಿಗೆ ಹೇಳಿದೆ: "ಇದನ್ನ ಮಲಯಾಳದಲ್ಲಿ ಹೇಳ್ತೀನಿ. ಹಾಗೇ ಕರಿಕೆಗೆ ಹೇಳಿ. ಅವ್ನ ಉತ್ತರ ನಿಮಗೆ ಕೇಳಿಸಲ್ಲ. ಆದ್ರೂ ಹೇಳ್ತಾನೇ ಇರಿ."

ಮೇಷ್ಟ್ರು ನನ್ನ ಮಾತಿನ ಹಿಂದೆಯೇ ಹೇಳುತ್ತಾ ಹೋದರು. ಕೇಳಿಸಿತೋ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ. "ಈಗ ಒತ್ತಿ," ಎಂದು ಹೇಳಿ ನಾನೂ ಕಿತ್ತಳೆ ಗುಂಡಿ ಒತ್ತಿದೆ.

ಹೊಸ ಫ್ರೀಕ್ವೆನ್ಸಿ ಬರಿದಾಗಿತ್ತು. ಮಹಡಿಯ ತಗಡಿನ ಮೇಲೆ ಮಳೆ ಬೀಳುವುದು ಮಾತ್ರ ಕೇಳಿಸುತ್ತಿತ್ತು. ಆಮೇಲೆ ಟಕ್ ಎಂದು ರಿಪೀಟರಿನ ಬಾಗಿಲು ತೆರೆದ ಸದ್ದು.

"ಕೊಡ್ಲಿಪೇಟೆ ಬಂದ್ವಿ ಕಣಮ್ಮಾ!"

ಹಿಂದೆಯೇ ಶನಿವಾರಸಂತೆ. ಹಿಂದೆ ಭಾಗಮಂಡಲ. ಒಬ್ಬರ ಮೇಲೊಬ್ಬರು ಬರತೊಡಗಿದಾಗ ಎಲ್ಲರನ್ನೂ ಸುಮ್ಮನಿರಿಸಿದೆ. "ಕರಿಕೆ, ಕರಿಕೆ. ಕೇಳ್ಕುನ್ನುಂಡೋ?"

ಉತ್ತರವಿಲ್ಲ. ಮತ್ತೆ ಕರೆದೆ. ಆಗ ಇಷ್ಟು ಹತ್ತಿರ, ನನ್ನ ಮುಂದಿನ ಕುರ್ಚಿಯಲ್ಲಿ ಕೂತಿದ್ದಾನೇನೋ ಎನ್ನುವಷ್ಟು ಹತ್ತಿರ ಬಂತು:

"ಚೇಚಿ, ಅಕ್ಕಾ, ಕೇಳ್ತಾ ಉಂಟು! ರಬ್ಬರ್ ಟ್ಯಾಪಿಂಗ್ ಮಾಡೋನು, ಕಾಲಿಗೆ ಪಾಂಬು ಕಡಿಚ್ಚು. ಭಾಗಮಂಡಲ ರೋಡಲ್ಲಿ ದೊಡ್ಡ ಮರ ಬಿದ್ದು ಉಂಟು. ಕೆಳಗೆ ಕೇರಳ ಸೈಡ್ ಹೋಗ್ಲಿಕ್ಕೆ ಆಗ್ತದಾ ಇಲ್ವಾ ಗೊತ್ತಿಲ್ಲ. ಎಂತ ಮಾಡ್ಲಿ?"

"ಅಲ್ಲೇ ಇರು. ಕಾಲು ಅಲುಗಾಡಿಸೋಕೆ ಬಿಡ್ಬೇಡ."

ಕೆಳಗಿನ ಕೋಣೆಯಲ್ಲಿ ನನ್ನ ಬೋರ್ಡು ಇತ್ತು. ಅದರ ಹಳೆಯ ಲ್ಯಾಂಡ್‌ಲೈನ್ ನೆಲದಡಿಯ ತಂತಿಯದು, ಗಾಳಿಗೆ ಅದು ಬಗ್ಗುವುದಿಲ್ಲ. ಮೆಟ್ಟಿಲಿಳಿದು ಗಡಿಯಾಚೆಯ ಆಸ್ಪತ್ರೆಗೆ ಫೋನ್ ಹಚ್ಚಿ ಮಲಯಾಳದಲ್ಲಿ ವಿಷಯ ಹೇಳಿದೆ. ಆ ಕಡೆಯವರು ಒಂದು ಮಾತೂ ವ್ಯರ್ಥ ಮಾಡಲಿಲ್ಲ. ಕರಿಕೆಯಿಂದ ಇಳಿದರೆ ಸಿಗುವ ಪಾಣತ್ತೂರಿನವರೆಗೆ ರಸ್ತೆ ಸರಿಯಾಗಿದೆ, ಆಂಬುಲೆನ್ಸ್ ಅಲ್ಲಿಗೆ ಬರುತ್ತದೆ, ವಿಷಕ್ಕೆ ಮದ್ದು ಇದೆ ಎಂದರು. ಮೆಟ್ಟಿಲು ಹತ್ತಿ ಬಂದು ಡ್ರೈವರನಿಗೆ ದಾಟಿಸಿದೆ. ಜೀಪು ತಿರುಗಿದ ಸದ್ದು ಅವನು ಗುಂಡಿ ಬಿಡುವ ಮೊದಲೇ ಕೇಳಿಸಿತು.

ಅವನ ದನಿ ಮತ್ತೆ ಬಂದಾಗ ಮಳೆ ಸ್ವಲ್ಪ ಇಳಿದಿತ್ತು. "ಚೇಚಿ, ಆಂಬುಲೆನ್ಸಿಗೆ ಹತ್ತಿಸಿ ಆಯ್ತು. ಮಾತಾಡ್ತಾ ಉಂಟು ಅವ." ನಾನು ಅದನ್ನು ಎಲ್ಲರಿಗೂ ಹೇಳಿದೆ. ಶಿಸ್ತಿನ ಪ್ರಕಾರ ಆಗ ಯಾರೂ ಮಾತಾಡಬಾರದು. ಆದರೆ ಜಿಲ್ಲೆಯ ಮೂಲೆಮೂಲೆಯಿಂದ ಗುಂಡಿ ಒತ್ತಿ ಕೂಗಿದರು, ಸೀಟಿ ಹೊಡೆದರು. ಗುಡ್ಡದ ಮೇಲಿಂದ ಸುಬೇದಾರರ ನಗು ಎಲ್ಲರಿಗಿಂತ ಜೋರಾಗಿತ್ತು.

"ಮುಂದಿನ ಕ್ಲಾಸ್ ನೀವೇ ತಗೊಳ್ಳುದು," ಎಂದರು. "ವೈರು ನಾನು ಮನೇಲಿ ಇಟ್ಟು ಬರ್ತೇನೆ."

ಮಳೆ ಮುಗಿದ ಮೇಲೆ ಒಂದು ಭಾನುವಾರ ಡ್ರೈವರ್ ನಮ್ಮ ಮನೆಗೆ ಬಂದ, ನೇಂದ್ರ ಬಾಳೆಯ ಗೊನೆ ಹೊತ್ತು. ಜೊತೆಗೆ ಇನ್ನೊಬ್ಬ, ಕಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದ. ಹಾವು ಕಚ್ಚಿಸಿಕೊಂಡವನು ಅವನೇ. ಅಮ್ಮ ಕಾಫಿ ಕೊಟ್ಟಳು. ಅಷ್ಟೊಂದು ಅಂಕಿಯನ್ನು ನೀನು ಹೇಗೆ ನೆನಪಿಟ್ಟುಕೊಂಡೆ ಎಂದು ಡ್ರೈವರನನ್ನು ಕೇಳಿದೆ.

"ನಾನು ಎಲ್ಲಿ ಇಟ್ಕೊಂಡೆ ಚೇಚಿ? ಅರ್ಧ ಮಾತ್ರ ನಂದು. ಟೋನ್ ಇವನ ಹತ್ರ ಕೊಟ್ಟೆ. ಜೀಪಿನ ಹಿಂದೆ ಮಲಗಿ ಅಯ್ಯೋ ಅಯ್ಯೋ ಅಂತ ಇದ್ದ. ಅದನ್ನು ಬಿಟ್ಟು ಈ ನಾಲ್ಕು ನಂಬರ್ ಹೇಳ್ತಾ ಇರು ಅಂದೆ."

ಕಚ್ಚಿಸಿಕೊಂಡವನು ಲೋಟ ಕೆಳಗಿಟ್ಟು, ನೆಟ್ಟಗೆ ಕೂತು, ನಾಲ್ಕು ಅಂಕಿಗಳನ್ನೂ ಗಟ್ಟಿಯಾಗಿ ಒಪ್ಪಿಸಿದ. ಒಂದೂ ತಪ್ಪಿರಲಿಲ್ಲ. ಅಮ್ಮ ಚಪ್ಪಾಳೆ ತಟ್ಟಿದಳು.

"ಚೇಚಿ," ಎಂದ ಅವನು, "ನಂಗೂ ಒಂದು ಸೆಟ್ಟು ಬೇಕು. ಪರೀಕ್ಷೆ ಕಷ್ಟ ಉಂಟಾ?"

"ಇದೆ," ಎಂದೆ. "ಭಾನುವಾರ ಭಾನುವಾರ ನನ್ನ ಕ್ಲಾಸಿಗೆ ಬಾ. ಹೇಳ್ಕೊಡ್ತೀನಿ."

ಅವನು ಬರುತ್ತಿದ್ದಾನೆ. ಕರಿಕೆಯಿಂದ ಎರಡು ಬಸ್ಸು ಬದಲಾಯಿಸಿ, ಎಲ್ಲರಿಗಿಂತ ಮೊದಲು.