ಸಂಕಪ್ಪಣ್ಣನ ಹಗಲು ಕಾರು

ಕೋಳಿಗಳು ಗೂಡು ಸೇರುವ ಹೊತ್ತಿಗೆ ಸಂಕಪ್ಪಣ್ಣನ ಕಾರೂ ಶೆಡ್ಡು ಸೇರುತ್ತದೆ ಎಂದು ಕಕ್ಕಿಂಜೆಯಲ್ಲಿ ಎಲ್ಲರೂ ನಗುತ್ತಿದ್ದರು. ತಮ್ಮ ಬಾಡಿಗೆ ಕಾರಿನ ಸ್ಟಿಯರಿಂಗನ್ನು ಅವರು ಬೇರೆ ಯಾರಿಗೂ ಮುಟ್ಟಲು ಬಿಟ್ಟವರಲ್ಲ. ಸಂಜೆ ಕರೆದರೆ ಮಾತ್ರ ಒಂದು ದಿನ ಬ್ಯಾಟರಿ ಸರಿಯಿಲ್ಲ, ಇನ್ನೊಂದು ದಿನ ತಲೆನೋವು. "ಬೆಳಿಗ್ಗೆ ಬೇಗ ಹೋಗುವ, ತಂಪು ಉಂಟು" ಎಂದು ನಯವಾಗಿ ತಪ್ಪಿಸಿಕೊಳ್ಳುತ್ತಿದ್ದರು. ಪಕ್ಕದ ಮನೆಯವರಾದ ನಾವೂ ಅದನ್ನು ಸೊಕ್ಕು ಎಂದೇ ತಿಳಿದಿದ್ದೆವು.

ಐವತ್ತರ ದಶಕದ ಕೊನೆಯಲ್ಲಿ ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ. ಒಂದು ಮುಸ್ಸಂಜೆ ನೋವು ಶುರುವಾಯಿತು. ಸೂಲಗಿತ್ತಿ ಮುಟ್ಟಿ ನೋಡಿ, ಮಗು ಅಡ್ಡ ಇದೆ, ಬೆಳ್ತಂಗಡಿಯ ಆಸ್ಪತ್ರೆಗೆ ಕೊಂಡುಹೋಗಿ ಎಂದಳು. ಅಮ್ಮ ಸಂಕಪ್ಪಣ್ಣನ ಅಂಗಳಕ್ಕೆ ಓಡಿದಳು. ಬೇಲಿಯಾಚೆಯ ಮಾತು ನನಗೂ ಕೇಳುತ್ತಿತ್ತು.

"ಅಕ್ಕಾ, ಕತ್ತಲಾದರೆ ನನಗೆ ಕಣ್ಣು ಕಾಣುವುದಿಲ್ಲ. ಎದುರಿನಿಂದ ಲಾರಿ ಬಂದರೆ ರಸ್ತೆಯೇ ಮಾಯವಾಗ್ತದೆ."

"ಹಾಗಾದರೆ ಎಂತ ಮಾಡುವುದು ಮಾರಾಯ?" ಅಮ್ಮ ಅತ್ತೇಬಿಟ್ಟಳು.

"ಕಾರು ಉಂಟಲ್ಲ. ಮೊಯ್ದುವನ್ನು ಕರೀತೇನೆ."

ಮೊಯ್ದು ಲಾರಿ ಡ್ರೈವರ್. ಯಾವಾಗಲೋ ದಾರಿ ಬಿಡಲಿಲ್ಲವೆಂದು ಜಗಳವಾಡಿ ಇಬ್ಬರೂ ವರ್ಷಗಳಿಂದ ಮಾತು ಬಿಟ್ಟಿದ್ದರು. ಸಂಕಪ್ಪಣ್ಣ ತಡವರಿಸುತ್ತ ರಸ್ತೆಯಾಚೆಯ ಅವನ ಮನೆಗೆ ಹೋದರು. ಏನು ಹೇಳಿದರೋ, ಮೊಯ್ದು ಊಟದ ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತಲೇ ಓಡಿ ಬಂದ. ಅವನಿಗೆ ಕೀಲಿಕೈ ಕೊಟ್ಟು, ಸಂಕಪ್ಪಣ್ಣ ಪಕ್ಕದ ಸೀಟಿನಲ್ಲಿ ಕುಳಿತರು.

ನೋವಿನ ನಡುವೆಯೂ ಅವರ ಮಾತು ನನ್ನ ಕಿವಿಗೆ ಬಿತ್ತು.

"ಇಷ್ಟು ಸಮಯ ಯಾಕೆ ಹೇಳಲಿಲ್ಲ ಸಂಕಪ್ಪಣ್ಣ?"

"ಹೇಳಿದರೆ ಹಗಲಿಗಾದರೂ ನನ್ನ ಕಾರು ಯಾರು ಹತ್ತುತ್ತಾರೆ?"

ಬೆಳಗಾಗುವ ಮೊದಲು ಮಗಳು ಹುಟ್ಟಿದಳು. ನಾವಿಬ್ಬರೂ ಉಳಿದೆವು.

ಸುದ್ದಿ ಊರೆಲ್ಲ ಹಬ್ಬಿತು. ಸಂಕಪ್ಪಣ್ಣ ಹೆದರಿದಂತೆಯೇ ಕೆಲವರು ಹಗಲೂ ಕರೆಯುವುದನ್ನು ಬಿಟ್ಟರು. ಅವರು ಮಾತ್ರ ಮತ್ತೆ ನೆಪ ಹೇಳಲಿಲ್ಲ. "ಬೆಳಕಿಗೆ ನಾನು, ಕತ್ತಲೆಗೆ ಮೊಯ್ದು" ಎನ್ನುವಾಗ ಅವರ ಮುಖದಲ್ಲಿ ಹಿಂದೆಂದೂ ಕಾಣದ ನೆಮ್ಮದಿಯಿತ್ತು.

ಕೆಲವು ವರ್ಷಗಳ ಬಳಿಕ, ನಾವು ಮೂಡುಬಿದಿರೆ ಹತ್ತಿರದ ಪುತ್ತಿಗೆಯಲ್ಲಿದ್ದಾಗ ಇಬ್ಬರೂ ಬಂದಿದ್ದರು. ಅಷ್ಟರಲ್ಲಿ ಸಂಕಪ್ಪಣ್ಣನಿಗೆ ಹಗಲೂ ಮಬ್ಬಾಗಿತ್ತು. ಕಾರು ಪೂರ್ತಿ ಮೊಯ್ದುವಿನ ಕೈಗೆ ಬಂದಿತ್ತು. ಜಗಲಿಯಲ್ಲಿ ನಿಂತಿದ್ದ ನನ್ನ ಮಗಳನ್ನು ಅವರು ಕರೆದರು. "ಸ್ವಲ್ಪ ಬಿಸಿಲಿಗೆ ಬಾ ಮಗಾ, ನಿನ್ನನ್ನು ನೋಡ್ತೇನೆ." ನಾಚಿಕೊಂಡೇ ಅವಳು ಅಂಗಳಕ್ಕಿಳಿದಳು. ಅವರು ಬಾಗಿ, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ನೋಡಿದರು.

ಮುಂದಿನ ಮಳೆಗಾಲದಲ್ಲಿ ಮೊಯ್ದು ಒಬ್ಬನೇ ಬಂದ. ಅಂಗಳದಲ್ಲಿ ಕಾರು ನಿಲ್ಲಿಸಿದವನು ಪಕ್ಕದ ಖಾಲಿ ಸೀಟಿನ ಮೇಲೆ ಕೈಯಿಟ್ಟು ಕುಳಿತ, ಇಳಿಯಲೇ ಇಲ್ಲ. ಕೊನೆಗೆ ನಾನೇ ಹೋಗಿ ಕಾರಿನ ಬಾಗಿಲು ತೆಗೆದೆ.