ಮಾಳವ್ವನ ಜೊತೆ ಬಿಸಿನೆಸ್ ಕ್ಲಾಸಿನಲ್ಲಿ

ಬೆಳಗಿನ ಬಸ್ಸಿಗೆ ಸುರಪುರದಿಂದ ಹೊರಟ ಮಾಳವ್ವ ಶಹಾಪುರದ ನಿಲ್ದಾಣದಲ್ಲಿ ಇಳಿದಾಗ ಏಳೂವರೆ ಆಗಿತ್ತು. ಹೆಗಲ ಮೇಲೆ ಮಡಿಸಿದ ಕರಿ ಕಂಬಳಿ, ಕೈಯಲ್ಲಿ ಹೊಸ ಚೀಲ. ಚೀಲದ ಬೆಲೆಯ ಚೀಟಿಯನ್ನು ಇನ್ನೂ ಕಿತ್ತಿರಲಿಲ್ಲ. ನಾನು ಶಹಾಪುರದ ಸರಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಸ್ಪೇನ್ ದೇಶದ ಒಂದು ಸಣ್ಣ ಊರಲ್ಲಿ ಹಲವು ದೇಶಗಳ ಕುರಿಗಾರರ ಸಭೆ ಇತ್ತು. ಕಲಬುರಗಿಯ ಒಂದು ಸಂಸ್ಥೆಯವರು ನಮ್ಮ ಸೀಮೆಯಿಂದ ಮಾಳವ್ವನನ್ನು ಆರಿಸಿದ್ದರು, ಆಕೆಯ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ನನ್ನನ್ನು ಕಳಿಸಿದ್ದರು. ಶಾಲೆಗೆ ಎಂಟು ದಿನದ ರಜೆ ಹಾಕಿದ್ದೆ.

ಯಾದಗಿರಿಯಿಂದ ಗುರುಮಠಕಲ್ ಮೇಲೆ ಹೋಗುವ ಹೈದರಾಬಾದ್ ಬಸ್ಸಿನಲ್ಲಿ ನಮಗೆ ಹಿಂದಿನ ಸೀಟು ಸಿಕ್ಕಿತು. ಗುರುಮಠಕಲ್ಲಿನಲ್ಲಿ ಬಸ್ಸು ಇಪ್ಪತ್ತು ನಿಮಿಷ ನಿಂತಾಗ ಮಾಳವ್ವ ಮಿರ್ಚಿ ಮಾರುವವಳ ಜೊತೆ ತೆಲುಗಿನಲ್ಲಿ ಚೌಕಾಶಿ ಮಾಡಿದಳು. ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಆ ಕಡೆ ಹೋಗಿ ಹೋಗಿ ಭಾಷೆ ಬಂದಿದೆಯಂತೆ. ಬಸ್ಸು ಹೊರಟ ಮೇಲೆ ನನ್ನ ಊರು ಕೇಳಿದಳು. ತವರು ವನದುರ್ಗ ಎಂದೆ. ಅಪ್ಪನ ಹೆಸರು ಕೇಳಿದಳು, ಹೇಳಿದೆ. "ಹೌದೇನ್ರಿ," ಎಂದು ಮಿರ್ಚಿಯ ತೊಟ್ಟು ಮುರಿದು ಕಿಟಕಿಯಿಂದ ಎಸೆದಳು. ಐದು ತಾಸಿನ ದಾರಿಯಲ್ಲಿ ಮತ್ತೆ ಹೆಚ್ಚು ಮಾತಾಡಲಿಲ್ಲ.

ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣದಿಂದ ನಮ್ಮ ವಿಮಾನ ಮೂರು ತಾಸು ತಡವಾಗಿ ಎದ್ದಿತು. ಫ್ರಾಂಕ್‌ಫರ್ಟ್ ತಲುಪಿದಾಗ ಅಲ್ಲಿ ದಟ್ಟ ಮಂಜು, ಗಾಜಿನಾಚೆ ನಿಂತ ವಿಮಾನಗಳ ಬಾಲ ಮಾತ್ರ ಕಾಣುತ್ತಿತ್ತು. ನಾವು ಹಿಡಿಯಬೇಕಿದ್ದ ಮ್ಯಾಡ್ರಿಡ್ ವಿಮಾನ ಹೋಗಿಯಾಗಿತ್ತು. ವಿಮಾನ ಕಂಪನಿಯ ಕೌಂಟರಿನಲ್ಲಿ ನಲವತ್ತು ನಿಮಿಷ ಪಾಳಿಯಲ್ಲಿ ನಿಂತೆವು. ಕೌಂಟರಿನ ಹೆಣ್ಣುಮಗಳು ಬಹಳ ಹೊತ್ತು ಕೀಲಿಮಣೆ ಒತ್ತಿ, ಮುಂದಿನ ವಿಮಾನದಲ್ಲಿ ಹಿಂಭಾಗ ತುಂಬಿದೆ, ಮುಂದೆ ಬಿಸಿನೆಸ್ ಕ್ಲಾಸಿನಲ್ಲಿ ಎರಡು ಸೀಟು ಇವೆ, ಅಲ್ಲಿಯೇ ಕೂರಿಸುತ್ತೇನೆ, ಹೆಚ್ಚಿನ ಹಣ ಬೇಡ ಎಂದಳು. ಹಣ ಕೊಟ್ಟು ಕೂರುವವರಿಗೆ ಎಷ್ಟು ಬೀಳುತ್ತದೆ ಎಂದು ಕೇಳಿದೆ. ಆಕೆ ಹೇಳಿದ ಮೊತ್ತ ನನ್ನ ಒಂದು ತಿಂಗಳ ಸಂಬಳದ ಹತ್ತಿರ ಇತ್ತು. ಆ ಟಿಕೆಟಿಗೆ ವಿಶ್ರಾಂತಿ ಕೋಣೆ, ಅಲ್ಲಿ ಊಟ, ಸ್ನಾನ ಎಲ್ಲ ಇರುತ್ತದೆ ಎಂದು ನನಗೆ ಗೊತ್ತಾದದ್ದು ಊರಿಗೆ ತಿರುಗಿ ಬಂದ ಮೇಲೆ. ನಾವು ಎರಡು ತಾಸು ಬಾಗಿಲ ಮುಂದಿನ ಕಬ್ಬಿಣದ ಬೆಂಚಿನ ಮೇಲೆ ಕೂತು ಕಡಕ್ ರೊಟ್ಟಿ, ಶೇಂಗಾ ಹಿಂಡಿ ತಿಂದೆವು.

ಮೊದಲು ನಮ್ಮನ್ನು ಕರೆದರು. ಹಿಂದೆ ನೂರಕ್ಕೂ ಮಿಕ್ಕಿ ಜನ ನಿಂತಿದ್ದರು.

"ನಮ್ಮನ್ಯಾಕ ಮೊದಲ ಬಿಡಾಕತ್ತಾರ?" ಎಂದು ಮಾಳವ್ವ ಕೇಳಿದಳು.

"ಮುಂದಿನ ಸೀಟಿನವರು ಮೊದಲು ಹೋಗಬೇಕಂತ, ಯವ್ವಾ."

"ಬಸ್ಸಿನ್ಯಾಗ ಹಂಗ ಮಾಡಿದ್ರ ಬಡದಾಟ ಆಗ್ತದ," ಎಂದು ನಡೆದಳು.

ಬಿಸಿನೆಸ್ ಕ್ಲಾಸ್ ಎಂದಾಗ ಮಲಗುವಂಥ ಕುರ್ಚಿಗಳನ್ನು ನಾನು ಊಹಿಸಿದ್ದೆ. ಹಾಗೇನೂ ಇರಲಿಲ್ಲ. ಯೂರೋಪಿನೊಳಗೆ ಓಡಾಡುವ ಸಣ್ಣ ವಿಮಾನಗಳಲ್ಲಿ ಮುಂದಿನ ಸಾಲು ಹಿಂದಿನ ಸಾಲು ಒಂದೇ. ಅದೇ ಮೂರು ಸೀಟು, ಮೊಣಕಾಲಿಗೆ ಅಷ್ಟೇ ಜಾಗ. ಬೇರೆ ಇದ್ದದ್ದು ಎರಡೇ: ನಡುವಿನ ಸೀಟಿನಲ್ಲಿ ಯಾರನ್ನೂ ಕೂರಿಸುವುದಿಲ್ಲ, ಮತ್ತು ಬೆನ್ನ ಹಿಂದೆ ಒಂದು ಪರದೆ. ಆ ಪರದೆ ಮೇಲಿನ ಹಳಿಯಲ್ಲಿ ಹಿಂದೆ ಮುಂದೆ ಸರಿಯುತ್ತದೆ. ನಾವು ನಾಲ್ಕನೇ ಸಾಲಿನಲ್ಲಿ ಕೂತ ಮೇಲೆ, ಐವತ್ತರ ಆಸುಪಾಸಿನ ಎತ್ತರದ ಪರಿಚಾರಕನೊಬ್ಬ ಬಂದು ತಲೆ ಎಣಿಸಿ, ಮೂರನೇ ಸಾಲಿನ ಹಿಂದಿದ್ದ ಪರದೆಯನ್ನು ಐದನೇ ಸಾಲಿನ ಹಿಂದಕ್ಕೆ ಎಳೆದು ಸಿಕ್ಕಿಸಿದ.

ಮಾಳವ್ವ ತಿರುಗಿ ನೋಡಿದಳು. "ಕುರಿ ಹೆಚ್ಚಾದ್ವು ಅಂದ್ರ ನಾವೂ ಹಿಂಗ ತಟ್ಟಿ ಹಿಂದಕ ಸರಸ್ತೀವಿ," ಎಂದಳು. ಆಮೇಲೆ ನಮ್ಮಿಬ್ಬರ ನಡುವಿನ ಸೀಟಿನ ಮೇಲೆ ಕೈಯಿಟ್ಟಳು. "ಇಲ್ಲಿ ಯಾರ ಬರ್ತಾರ?"

"ಯಾರೂ ಬರೋದಿಲ್ಲ. ಖಾಲಿ ಇರ್ಲಿ ಅಂತನ ಜಾಸ್ತಿ ರೊಕ್ಕ ತಗೋತಾರ."

ಆಕೆ ಕಂಬಳಿಯನ್ನು ತೆಗೆದು ಆ ಸೀಟಿನ ಮೇಲೆ ಇಟ್ಟಳು.

ವಿಮಾನ ಮಂಜಿನ ಮೇಲೆ ಬಂದಾಗ ಬಿಸಿಲು ಕಣ್ಣು ಕುಕ್ಕಿತು. ನಿಂಬೆ ವಾಸನೆಯ ಬಿಸಿ ವಸ್ತ್ರ ಕೊಟ್ಟರು. ಮಾಳವ್ವ ಮುಖ, ಕುತ್ತಿಗೆ, ಕೈ ಒರೆಸಿಕೊಂಡು ಅದನ್ನು ಚೌಕಾಗಿ ಮಡಿಸಿ ವಾಪಸ್ಸು ಕೊಟ್ಟಳು. ಮದ್ಯ ಬೇಕೆ ಎಂದು ಕೇಳಿದರು, ನೀರು ತೆಗೆದುಕೊಂಡೆವು. ಊಟ ಪಿಂಗಾಣಿ ತಟ್ಟೆಯಲ್ಲಿ ಬಂತು: ತಣ್ಣಗಿನ ಮೀನಿನ ತುಂಡು, ಬೇಯಿಸಿದ ಆಲೂಗಡ್ಡೆ, ಎರಡು ಬಗೆಯ ಬ್ರೆಡ್, ಒಂದು ತುಣುಕು ಚೀಸ್. ಹಿಂದಿನವರಿಗೆ ನೀರಿನ ಬಾಟಲಿ ಮತ್ತು ಚಾಕಲೇಟು ಕೊಡುತ್ತಿರುವುದು ಪರದೆಯ ಸಂದಿಯಿಂದ ಕಾಣುತ್ತಿತ್ತು.

ಮೀನಿಗೆ ಉಪ್ಪು ಖಾರ ಎರಡೂ ಇರಲಿಲ್ಲ. ಮಾಳವ್ವ ಚೀಸನ್ನು ಮೂಸಿ ನೋಡಿ ಬಾಯಿಗೆ ಹಾಕಿಕೊಂಡಳು. ಮೆಲ್ಲಗೆ ಅಗಿದಳು.

"ಇದು ಕುರಿ ಹಾಲಿಂದು," ಎಂದಳು. "ಕೇಳ್ರಿ ಅವ್ನನ್ನ."

ಪರಿಚಾರಕ ತನಗೂ ಗೊತ್ತಿಲ್ಲವೆಂದು ಹೋಗಿ ಡಬ್ಬಿಯ ಮುಚ್ಚಳ ಹಿಡಿದುಕೊಂಡು ಬಂದ. ಕನ್ನಡಕ ಹಣೆಗೇರಿಸಿ ಸಣ್ಣ ಅಕ್ಷರ ಓದಿದ. ಕುರಿ ಹಾಲಿನದೇ ಆಗಿತ್ತು. ಇನ್ನೊಂದು ತುಣುಕು ತಂದುಕೊಟ್ಟು, ಈಕೆ ಏನು ಮಾಡುತ್ತಾರೆ ಎಂದು ನನ್ನನ್ನು ಕೇಳಿದ. ಇನ್ನೂರು ಕುರಿ ಸಾಕಿದ್ದಾರೆ ಎಂದೆ. ಅವನು ತಲೆ ಬಾಗಿಸಿ ಹೋದ.

ತಟ್ಟೆ ತೆಗೆದ ಮೇಲೆ ನಾನು ಸಂಸ್ಥೆಯವರು ಬರೆದುಕೊಟ್ಟಿದ್ದ ಭಾಷಣವನ್ನು ತೆಗೆದು ಓದಿ ಹೇಳಿದೆ. ಉಣ್ಣೆಯ ಹಿರಿಮೆ, ಪರಂಪರೆಯ ಜ್ಞಾನ, ಪ್ರಕೃತಿಯೊಡನೆ ಬಾಳುವೆ ಎಂದೆಲ್ಲ ಎರಡು ಪುಟ ಇತ್ತು. ಮಾಳವ್ವ ಕೊನೆಯವರೆಗೂ ಕೇಳಿದಳು.

"ಚಂದ ಅದ," ಎಂದಳು. "ಆದ್ರ ಇದು ನಂದಲ್ಲ. ನಾ ಹೇಳ್ತೀನಿ, ಬರಕೋರಿ."

ನಡುವಿನ ಸೀಟಿನ ಕಂಬಳಿಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬರೆದೆ.

"ಹಿಂದಕ ಬ್ಯಾಸಗಿಗೆ ಹೊಲ ಖಾಲಿ ಬಿಡ್ತಿದ್ರು. ರಾತ್ರಿ ಹೊಲದಾಗ ಕುರಿ ತರುಬು ಬಾ ಅಂತ ಹೊಲದವರ ಕರೀತಿದ್ರು. ಗೊಬ್ಬರಕ್ಕ ಬದಲಿ ಜ್ವಾಳ ಕೊಡ್ತಿದ್ರು. ಆಮ್ಯಾಲ ಕಾಲುವಿ ಬಂತು. ನೀರು ಬಂದದ್ದು ಚಲೋನ ಆತು, ಬ್ಯಾಡ ಅನ್ನಂಗಿಲ್ಲ. ನಮ್ಮ ಕುರಿನೂ ಅದ ನೀರು ಕುಡದಾವ. ಆದ್ರ ವರ್ಷಪೂರ್ತಿ ಬೆಳಿ ನಿಂತ್ವು, ಕುರಿಗೆ ಜಾಗ ಉಳೀಲಿಲ್ಲ. ಬರದ್ರಿ?"

"ಬರದೆ."

"ವನದುರ್ಗದ ಕೆಳಗ ಕುರಿ ಹಾದಿ ಇತ್ತು. ಎರಡು ಬಂಡಿ ಅಗಲ. ನಮ್ಮತ್ತಿ ಅದರಾಗ ನಡದಾಳ, ಅಕಿ ಅತ್ತಿ ನಡದಾಳ. ಒಂದ ಬ್ಯಾಸಗ್ಯಾಗ ಮಾಸ್ತರ ಹೊಲದವರು ಅದನ್ನ ಟ್ರ್ಯಾಕ್ಟರ್ ಹೊಡದು ಗದ್ದಿ ಮಾಡಿದ್ರು. ನಾವು ಕಾಲುವಿ ದಂಡಿ ಹಿಡದ್ವಿ. ಎದುರು ಜೀಪು ಬಂತು. ಮುಂದಿನ ಟಗರು ಬೆದರಿ ಕಾಲುವ್ಯಾಗ ಬಿತ್ತು. ಒಂದು ಹೋದ್ರ ಕುರಿ ಎಲ್ಲಾ ಹೋಗ್ತಾವ. ಸಿಮೆಂಟಿನ ಗ್ವಾಡಿ, ಹತ್ತಾಕ ಬರಂಗಿಲ್ಲ. ನಲವತ್ತು ಹೋದ್ವು. ನನ್ನ ಗಂಡ ಇಳದ. ಹಗ್ಗ ಹಾಕಿ ಎಳದ್ರು, ಜೀವ ಉಳೀತು, ಸೊಂಟ ಹೋತು. ಅವತ್ತಿನಿಂದ ಕುರಿ ಹಿಂದ ನಾ ಹೊಂಟೀನಿ."

ಮಾಸ್ತರ ಹೊಲ ಎಂದರೆ ನಮ್ಮ ಹೊಲ. ನಮ್ಮಪ್ಪ ವನದುರ್ಗದ ಶಾಲೆಯ ಮಾಸ್ತರರಾಗಿದ್ದರು. ಟ್ರ್ಯಾಕ್ಟರ್ ಬಂದ ದಿನ ನಾನು ಬದುವಿನ ಮೇಲೆ ನಿಂತಿದ್ದೆ, ಚಾಲಕನಿಗೆ ಚಹಾ ಒಯ್ದಿದ್ದೆ. ಎರಡು ವರ್ಷದ ಮೇಲೆ ನನ್ನನ್ನು ಕಲಬುರಗಿಯ ಕಾಲೇಜಿಗೆ ಸೇರಿಸಿದ್ದು ಆ ಗದ್ದೆಯ ಭತ್ತದಿಂದ. ನಾನು ಇಂಗ್ಲಿಷ್ ಕಲಿತದ್ದು ಹಾಗೆ. ಕುರಿ ಬಿದ್ದ ಸುದ್ದಿ ಮನೆಗೆ ಬಂದದ್ದೂ ನೆನಪಿದೆ. ಅಪ್ಪ ಅವತ್ತು ಊಟ ಮಾಡಲಿಲ್ಲ, ಆದರೆ ಗದ್ದೆಯನ್ನು ಬಿಡಲೂ ಇಲ್ಲ.

ಹೇಳಬೇಕೆಂದು ಬಾಯಿಯವರೆಗೆ ಬಂತು. ಮಾಳವ್ವ ನನ್ನನ್ನೇ ನೋಡುತ್ತಿದ್ದಳು. "ಆತೇನ್ರಿ?" ಎಂದಳು. "ಆತು," ಎಂದು ನೋಟ್‌ಬುಕ್ ಮುಚ್ಚಿದೆ. ಆಕೆ ಕಿಟಕಿಯ ಕಡೆ ತಿರುಗಿದಳು. ಎರಡೂವರೆ ತಾಸಿನ ಹಾರಾಟದಲ್ಲಿ ಇನ್ನೂ ಒಂದು ತಾಸು ಬಾಕಿ ಇತ್ತು. ಪರಿಚಾರಕ ಎರಡು ಸಲ ಕಾಫಿ ತಂದ, ಎರಡು ಸಲವೂ ಕುಡಿದೆ. ಕೆಳಗೆ ಮ್ಯಾಡ್ರಿಡ್ ಸುತ್ತಲಿನ ಕಂದು ನೆಲ ಕಂಡಿತು, ಒಣಗಿದ ಹೊಲ, ಅಲ್ಲಲ್ಲಿ ಗಿಡ. ಇಳಿದಾಗ ಹೊರಗೆ ಹದಿಮೂರು ಡಿಗ್ರಿ ಎಂದು ತೆರೆಯ ಮೇಲೆ ಬರೆದಿತ್ತು.

ಸಭೆ ಮರುದಿನ, ಮ್ಯಾಡ್ರಿಡ್‌ನಿಂದ ಬಸ್ಸಿನಲ್ಲಿ ಎರಡು ತಾಸು ದೂರದ ಊರಿನಲ್ಲಿ. ನಮ್ಮ ತಾಲೂಕು ಪಂಚಾಯಿತಿಯ ಸಭಾಭವನದಷ್ಟೇ ದೊಡ್ಡ ಕೋಣೆ. ಮಾಳವ್ವ ವಿಮಾನದಲ್ಲಿ ಹೇಳಿದಷ್ಟನ್ನೇ ಹೇಳಿದಳು, ನಾನು ಒಂದೊಂದು ವಾಕ್ಯವಾಗಿ ತಿರುಗಿಸಿದೆ. ಮಾಸ್ತರ ಹೊಲ ಎಂಬುದನ್ನೂ ಬಿಡಲಿಲ್ಲ. ಮುಗಿದ ಮೇಲೆ ಬೇರೊಂದು ದೇಶದ ಗುಡ್ಡಗಾಡಿನಿಂದ ಬಂದ ಒಬ್ಬ ಹೆಂಗಸು ಎದ್ದು, ಆ ಹೊಲದವರ ಜೊತೆ ಯಾರಾದರೂ ಮಾತಾಡಿದ್ದಾರೆಯೇ, ಅವರು ಏನೆನ್ನುತ್ತಾರೆ ಎಂದು ಕೇಳಿದಳು. ನಾನು ಅದನ್ನು ಮಾಳವ್ವನಿಗೆ ಹೇಳಿದೆ.

"ಅವರ ಮಗಳು ಇಲ್ಲೇ ಕುಂತಾಳ," ಎಂದಳು ಮಾಳವ್ವ. "ಅಕಿನ್ನ ಕೇಳ್ರಿ ಅಂತ ಹೇಳ್ರಿ."

ಆ ಮಾತನ್ನು ಬಿಟ್ಟುಬಿಡಬಹುದಿತ್ತು. ಅಷ್ಟು ಜನರಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಬೇರೆ ಏನನ್ನಾದರೂ ಹೇಳಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ತಿರುಗಿಸಿದೆ: ಅವರ ಮಗಳು ಇಲ್ಲೇ ಕೂತಿದ್ದಾಳೆ, ಅವಳನ್ನೇ ಕೇಳಿ. ಆಮೇಲೆ ಅದು ನಾನೇ ಎಂದೆ. ಅಪ್ಪ ಈಗ ಇಲ್ಲ, ಕೆಟ್ಟ ಮನುಷ್ಯರಾಗಿರಲಿಲ್ಲ, ಆದರೆ ಹಾದಿ ಯಾರದೆಂದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು ಎಂದೆ. ನನ್ನ ಮಾತನ್ನು ಕನ್ನಡದಲ್ಲಿ ಮಾಳವ್ವನಿಗೂ ಹೇಳಬೇಕಾಯಿತು. ಅದು ಹೆಚ್ಚು ಕಷ್ಟವಾಯಿತು.

ತಿರುಗಿ ಬರುವಾಗ ಮ್ಯಾಡ್ರಿಡ್‌ನಿಂದ ಇಪ್ಪತ್ತೇಳನೇ ಸಾಲು. ಮಾಳವ್ವ ಕಿಟಕಿಗೆ, ನಾನು ನಡುವೆ, ಪಕ್ಕದಲ್ಲಿ ನಿದ್ದೆ ಹೋದ ದಪ್ಪ ಗೃಹಸ್ಥ. ಮೊಣಕೈ ಇಡಲು ಜಾಗ ಇರಲಿಲ್ಲ.

"ಯವ್ವಾ, ನಿನಗ ಯಾವಾಗಿಂದ ಗೊತ್ತಿತ್ತು?" ಎಂದು ಕೇಳಿದೆ.

"ಬಸ್ಸಿನ್ಯಾಗ ಅಪ್ಪನ ಹೆಸರು ಹೇಳಿದ್ಯಲ್ಲ."

"ಮತ್ತ ಹೋಗುವಾಗ ವಿಮಾನದಾಗ ಯಾಕ ಅನ್ನಲಿಲ್ಲ?"

"ನೀನ ಹೇಳ್ತೀಯೇನೋ ಅಂತ ನೋಡಿದೆ."

ಸಿಟ್ಟಿನಿಂದ ಹೇಳಿದ್ದಲ್ಲ. ಅಲ್ಲಿಯವರೆಗೆ ಟೀಚರೆಂದು ನನಗೆ 'ರಿ' ಹಚ್ಚಿ ಮಾತಾಡುತ್ತಿದ್ದವಳು ಆಗ ಬಿಟ್ಟದ್ದನ್ನು ಗಮನಿಸಿದೆ. ನನಗೆ ಹಗುರಾಯಿತು.

ಯಾದಗಿರಿಗೆ ಮರುದಿನ ಮಧ್ಯಾಹ್ನ ಬಂದೆವು. ನಮ್ಮ ಹೊಲವನ್ನು ಈಗ ನೋಡಿಕೊಳ್ಳುವ ಅಣ್ಣ ಚಂದಪ್ಪ ಕಾರು ತಂದಿದ್ದ. ಭೀಮಾ ನದಿಯ ಸೇತುವೆ ದಾಟುವಾಗ ಅವನಿಗೆ ಎಲ್ಲ ಹೇಳಿದೆ. ಮಾಳವ್ವ ಹಿಂದಿನ ಸೀಟಿನಲ್ಲಿದ್ದಳು.

"ಅಷ್ಟು ದೂರ ಹೋಗಿ ನಮ್ಮ ಹೊಲದ ಮಾತಾಡಿ ಬಂದ್ರೇನು?" ಎಂದ ಅಣ್ಣ.

"ಇಲ್ಲಿ ಯಾರ ಕೇಳಿದ್ರಪಾ?" ಎಂದಳು ಮಾಳವ್ವ.

ರಸ್ತೆಯ ಎರಡೂ ಬದಿ ಭತ್ತ ತೆನೆ ಬಾಗಿ ನಿಂತಿತ್ತು. ದೋರನಹಳ್ಳಿ ದಾಟಿದ ಮೇಲೆ ಅಣ್ಣ ಕಾರಿನ ವೇಗ ಕಡಿಮೆ ಮಾಡಿದ.

"ಎರಡು ಬಂಡಿ ಅಗಲ ಆಗಂಗಿಲ್ಲವ್ವ," ಎಂದ. "ನಡುವ ಪೈಪು ಹಾಕೀನಿ. ಒಂದು ಬಂಡಿ ಅಗಲ ಹಾದಿ ಬಿಡ್ತೀನಿ."

ಮಾಳವ್ವ ಬೆರಳು ಮಡಚಿ ಲೆಕ್ಕ ಹಾಕಿದಳು. "ಒಂದು ಬಂಡ್ಯಾಗ ಕುರಿ ಸಾಲು ಹಿಡದು ಹೋಗ್ತಾವ. ಹೊತ್ತು ಹಿಡೀತದ. ಹೋಗ್ತಾವ."

ಶಹಾಪುರದ ನಿಲ್ದಾಣದಲ್ಲಿ ಸುರಪುರದ ಬಸ್ಸು ಹೊರಡಲು ನಿಂತಿತ್ತು. ಕಾರಿನಿಂದ ಇಳಿದು ಕಂಬಳಿ ಹೆಗಲಿಗೇರಿಸಿದ ಮಾಳವ್ವ ಅಣ್ಣನ ಕಿಟಕಿಗೆ ಬಂದಳು. "ಬೆಳಿ ಯಾವಾಗ ಕೊಯ್ತೀರಿ?"

"ಇನ್ನ ಮೂರು ವಾರಕ್ಕ."

"ಕುರಿ ಹತ್ತಿಕುಣಿ ಗುಡ್ಡದ ಕಡಿ ಅದಾವ. ಅಷ್ಟೊತ್ತಿಗೆ ಇಳಿಸ್ಕೊಂಡು ಬರ್ತೀನಿ," ಎಂದು ಹೋಗಿ ಬಸ್ಸು ಹತ್ತಿದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಅಣ್ಣ ಗಾಡಿ ಚಾಲೂ ಮಾಡಲಿಲ್ಲ.