ಸೆನ್ಸರಿನ ಹಣೆಗೆ ವಿಭೂತಿ

ಆ ಗೋದಾಮಿನ ಗೋಡೆಯ ಮೇಲೆ ಸೆನ್ಸರುಗಳು ಎಷ್ಟಿದ್ದವು ಎಂದು ಕೇಳಿದರೆ ನಾನು ಆರು ಎನ್ನುತ್ತೇನೆ. ಕಾರ್ಖಾನೆಯ ಒಡತಿ, ಊರಿನವರೆಲ್ಲ ಅಕ್ಕ ಎಂದೇ ಕರೆಯುವವರು, ನಾಲ್ಕು ಎನ್ನುತ್ತಾರೆ. ಅಲ್ಲಿಯ ಮೇಸ್ತ್ರಿಯನ್ನು ಕೇಳಿದರೆ, "ಎಷ್ಟಿದ್ರೇನು ಸಾರ್, ಎಲ್ಲದಕ್ಕೂ ಹಚ್ಚಿದ್ದು ನಾನೇ" ಎನ್ನುತ್ತಾರೆ. ಮೂವರಲ್ಲಿ ಭೌತಶಾಸ್ತ್ರ ಓದಿದವನು ನಾನೊಬ್ಬನೇ. ಅಳತೆ, ಎಣಿಕೆಯ ವಿಷಯದಲ್ಲಿ ನನ್ನ ಮಾತು ನಡೆಯಬೇಕಿತ್ತು. ಆದರೆ ಮೊನ್ನೆ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ ಅಕ್ಕ, "ಆವತ್ತು ನೀನು ಹಳದಿ ಅಂಗಿ ಹಾಕಿದ್ದೆ" ಎಂದರು. ಹಳದಿ ಅಂಗಿ ನನ್ನ ಜನ್ಮದಲ್ಲೇ ಇರಲಿಲ್ಲ ಎಂದು ನಾನು ವಾದಿಸುವಷ್ಟರಲ್ಲಿ ಫೋನು ತೆಗೆದು ಫೋಟೊ ತೋರಿಸಿದರು. ಹಳದಿ ಅಂಗಿ. ಅದರೊಳಗೆ ನಾನು. ಹಾಗಾಗಿ ಮುಂದಿನದನ್ನು ಓದುವವರು ಉಪ್ಪುಖಾರ ಕಳೆದು ನಂಬಬೇಕು.

ಕಾರ್ಖಾನೆ ಇದ್ದದ್ದು ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ರಸ್ತೆಯ ಬದಿಯಲ್ಲಿ. ಅಡಿಕೆ ಹಾಳೆಯನ್ನು ತೊಳೆದು, ಬಿಸಿ ಅಚ್ಚಿನ ಪ್ರೆಸ್ಸಿನಲ್ಲಿ ಒತ್ತಿ ಊಟದ ತಟ್ಟೆ ಮಾಡುವುದು ಅಲ್ಲಿಯ ಕೆಲಸ. ಒತ್ತುವುದೇನೂ ಕಷ್ಟವಲ್ಲ, ಒತ್ತಿದ ತಟ್ಟೆಗೆ ಬೂಷ್ಟು ಹಿಡಿಯದಂತೆ ಕಾಯುವುದು ಕಷ್ಟ. ಕೊಯಮತ್ತೂರಿನ ಒಂದು ಕಂಪನಿ ಅಕ್ಕನ ತಟ್ಟೆಗಳನ್ನು ವಿದೇಶಕ್ಕೆ ಕಳಿಸಲು ಒಪ್ಪಿತ್ತು, ಒಂದು ಷರತ್ತಿನ ಮೇಲೆ. ಗೋದಾಮಿನ ಗಾಳಿಯಲ್ಲಿ ತೇವ ಎಷ್ಟಿದೆ ಎನ್ನುವುದು, ಲಾರಿ ತುಂಬುವ ದಿನದವರೆಗೂ, ಅವರ ಕಚೇರಿಯ ಕಂಪ್ಯೂಟರಿಗೆ ಬರುತ್ತಲೇ ಇರಬೇಕು. ನಡುವೆ ಈ ಲೆಕ್ಕದ ಸಾಲು ಕಡಿದರೆ ಆರ್ಡರು ಬೇರೆಯವರಿಗೆ.

"ಇದು ಹೋದ್ರೆ ಪ್ರೆಸ್ ಮಾರಿ ಗೇಟಿಗೆ ಬೀಗ ಹಾಕೋದೇ" ಎಂದು ಅಕ್ಕ ನನ್ನನ್ನು ಕರೆಸಿದ ದಿನವೇ ಹೇಳಿದ್ದರು. ಅದನ್ನು ಹೇಳಿದ್ದು ಪ್ರೆಸ್ಸಿನ ಹೆಂಗಸರಿಗೆಲ್ಲ ಕೇಳುವಂತೆ. ಅವರು ತಲೆ ಎತ್ತದೆ ತಟ್ಟೆ ಒತ್ತುತ್ತಿದ್ದರು.

ನಾನು ಆಗ ಅಡ್ಡಗದ್ದೆಯಲ್ಲಿ ಫೋನಿನಿಂದ ಪಂಪು ಚಾಲೂ ಮಾಡುವ ಡಬ್ಬಿ ಕೂರಿಸಿ, ನೆಮ್ಮಾರಿನಲ್ಲಿ ಅದೇ ಡಬ್ಬಿ ಯಾಕೆ ತಾನಾಗಿಯೇ ಪಂಪು ಚಾಲೂ ಮಾಡುತ್ತಿದೆ ಎಂದು ಹುಡುಕಿಕೊಂಡು ತಿರುಗುತ್ತಿದ್ದೆ. ಒಂದು ಕಡೆ ಕೂತು ಮಾಡುವ ಕೆಲಸ ನನಗೆ ಒಗ್ಗಿದ್ದಿಲ್ಲ.

ಸೆನ್ಸರ್ ಎನ್ನುವುದು ಬಹಳ ಸಾಧು ವಸ್ತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಗಾಳಿಯ ತೇವ ಅಳೆದು ಹೇಳುತ್ತದೆ. ತೇವ ಹೆಚ್ಚಾದರೆ ಮೂಲೆಯಲ್ಲಿರುವ ತೇವ ಹೀರುವ ಮೆಷಿನ್ನು ತಾನೇ ಚಾಲೂ ಆಗುತ್ತದೆ, ಕಡಿಮೆಯಾದರೆ ನಿಲ್ಲುತ್ತದೆ. ಅಷ್ಟೇ. ಅದಕ್ಕೆ ಬೇಕಾದ ಕರೆಂಟು ಸೊಳ್ಳೆಗೆ ಬೇಕಾಗುವಷ್ಟು. ಆದರೆ ಆ ಸೊಳ್ಳೆಯ ಪಾಲನ್ನು ಅದಕ್ಕೆ ತಲುಪಿಸುವುದರಲ್ಲೇ ನನ್ನ ವಿದ್ಯೆಯೆಲ್ಲ ಖರ್ಚಾಯಿತು.

ಮೊದಲು ವೈರು ಎಳೆದೆ. ಹಾಳೆಯ ರಾಶಿಯ ನಡುವೆ ಸಂಸಾರ ಹೂಡಿದ್ದ ಹೆಗ್ಗಣಗಳು ಅದನ್ನು ತಿಂದವು. ಪೈಪಿನೊಳಗೆ ವೈರು ಹಾಕಿದೆ, ಪೈಪನ್ನೂ ತಿಂದವು. ಆಮೇಲೆ ಸೆಲ್ಲು ಹಾಕುವ ಸೆನ್ಸರುಗಳನ್ನು ತಂದೆ. ಒಂದೊಂದೇ ಮೌನವಾದವು. ಬಿಚ್ಚಿ ನೋಡಿದರೆ ಒಳಗೆ ಸೆಲ್ಲೇ ಇಲ್ಲ. ಆಫೀಸಿನ ಗೋಡೆಗಡಿಯಾರ ಮಾತ್ರ, ವರ್ಷಗಳಿಂದ ನಿಂತಿದ್ದದ್ದು, ಟಿಕ್ ಟಿಕ್ ಎಂದು ಓಡುತ್ತಿತ್ತು.

"ನಿಮ್ಮ ಡಬ್ಬಿ ಗೋಡೆ ಮೇಲೆ ಸುಮ್ನೆ ಕೂತಿತ್ತು ಸಾರ್" ಎಂದರು ಮೇಸ್ತ್ರಿ. "ಗಡಿಯಾರ ಆದ್ರೆ ಎಲ್ರಿಗೂ ಕಾಣತ್ತೆ."

ಕೊನೆಗೆ ತಂದದ್ದು ಬೆಳಕು ತಿಂದು ಬದುಕುವ ಸೆನ್ಸರು. ವೈರಿಲ್ಲ, ಸೆಲ್ಲಿಲ್ಲ. ಮುಖದ ಮೇಲೆ ನುಣುಪಾದ ಕಪ್ಪು ಪಟ್ಟಿಯೊಂದು. ಟ್ಯೂಬ್‌ಲೈಟಿನ ಬೆಳಕು ಬಿದ್ದರೂ ಸಾಕು, ಅದರಿಂದಲೇ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಇದನ್ನು ಅಕ್ಕನಿಗೆ ಬಹಳ ಉತ್ಸಾಹದಿಂದ ವಿವರಿಸಿದೆ. ಅವರು ಕೇಳಿ, "ಹಂಗಾದ್ರೆ ಟ್ಯೂಬ್‌ಲೈಟು ಹಗಲೂ ರಾತ್ರಿ ಉರೀಬೇಕು?" ಎಂದರು.

"ಹೌದು."

"ಕರೆಂಟ್ ಹೋದಾಗ?"

"ಇನ್ವರ್ಟರ್ ಹಾಕ್ಬೇಕು."

"ಇನ್ವರ್ಟರಿಂದ ಟ್ಯೂಬ್‌ಲೈಟಿಗೆ ವೈರು ಬೇಕಲ್ಲ?"

"ಬೇಕು."

"ಕರೆಂಟಿನ ವೈರು ಬೇಡ ಅಂತ ತಂದ ಸಾಮಾನಿಗೆ ಇಷ್ಟೆಲ್ಲ. ಓದಿದ್ದು ಸಾರ್ಥಕ ಆಯ್ತು ಮಾರಾಯ."

ಆದರೂ ನಡೆಯಿತು. ಟ್ಯೂಬ್‌ಲೈಟಿನ ವೈರು ಮಾಡಿನ ಎತ್ತರದಲ್ಲಿತ್ತು, ಹೆಗ್ಗಣಗಳಿಗೆ ಎಟುಕಲಿಲ್ಲ. ತೇವದ ಲೆಕ್ಕ ತಪ್ಪದೆ ಕೊಯಮತ್ತೂರಿಗೆ ಹೋಗತೊಡಗಿತು. ಯಾರೂ ಡಬ್ಬಿಗಳನ್ನು ಮುಟ್ಟಬಾರದೆಂದು ನಾನು ಎಲ್ಲರನ್ನೂ ನಿಲ್ಲಿಸಿಕೊಂಡು ಒಂದು ಭಾಷಣ ಮಾಡಿದೆನಂತೆ. ಮಾಡಿದ ನೆನಪಿಲ್ಲ. ಮಾಡಿರಲಾರೆ ಎನ್ನಲೂ ಧೈರ್ಯವಿಲ್ಲ. ಕಪ್ಪು ಪಟ್ಟಿಯನ್ನು ಬೆರಳಿಟ್ಟು ತೋರಿಸಿ, "ಇದೇ ಇದರ ಜೀವ. ಉಳಿದದ್ದೆಲ್ಲ ಬರೀ ಡಬ್ಬಿ. ಇದಕ್ಕೆ ಮರ್ಯಾದೆ ಕೊಡಿ" ಎಂದೆನಂತೆ.

ಲಾರಿ ಬರಲು ಇನ್ನೂ ಕೆಲವು ದಿನ ಇರುವಾಗ ಆಯುಧಪೂಜೆ ಬಂತು.

ಆ ದಿನ ಮೆಷಿನ್ನುಗಳಿಗೆ ವಿಶ್ರಾಂತಿ. ಹಿಂದಿನ ಸಂಜೆಯೇ ತೊಳೆದು, ಒರೆಸಿ, ಬಾಳೆಕಂದು ಕಟ್ಟಿ, ಚೆಂಡುಹೂವಿನ ಮಾಲೆ ಹಾಕುತ್ತಾರೆ. ಪೂಜೆಯಾದ ಮೇಲೆ ಮರುದಿನದವರೆಗೆ ಯಾವುದನ್ನೂ ಚಾಲೂ ಮಾಡುವಂತಿಲ್ಲ. ಹಾಗಿದ್ದರೆ ತೇವ ಹೀರುವ ಮೆಷಿನ್ನು? ಇದರ ಬಗ್ಗೆ ಬಾಗಿಲಲ್ಲಿ ನಿಂತು ದೊಡ್ಡ ಚರ್ಚೆಯಾಯಿತು. ಅಕ್ಕನೇ ತೀರ್ಪು ಕೊಟ್ಟರು.

"ಮನೇಲಿ ಫ್ರಿಜ್ಜು ನಿಲ್ಲಿಸ್ತೀವಾ? ಹಾಲು ಕೆಡತ್ತೆ. ಇದೂ ಫ್ರಿಜ್ಜಿನ ಜಾತಿ. ಓಡ್ಲಿ."

ಸೆನ್ಸರು ಯಾವ ಜಾತಿ ಎಂದು ಯಾರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಪೂಜೆಗೆ ನಾನು ತಡವಾಗಿ ಹೋದೆ. ಬೂದುಗುಂಬಳ ಒಡೆದಾಗಿತ್ತು. ಪ್ರೆಸ್ಸುಗಳು ಮದುಮಕ್ಕಳಂತೆ ನಿಂತಿದ್ದವು. ಮಂಡಕ್ಕಿ ಹಂಚುತ್ತಿದ್ದರು. ಒಂದು ಹಿಡಿ ಬಾಯಿಗೆ ಹಾಕಿಕೊಂಡು ಫೋನು ನೋಡಿದರೆ ಗೋದಾಮಿನ ಸೆನ್ಸರುಗಳೆಲ್ಲ ಒಟ್ಟಿಗೇ ಕ್ಷೀಣವಾಗುತ್ತಿವೆ. ಒಂದು ಆಗಲೇ ಉಸಿರು ನಿಲ್ಲಿಸಿತ್ತು. ಕರೆಂಟು ಹೋಯಿತೇ ಎಂದು ಓಡಿದೆ. ಟ್ಯೂಬ್‌ಲೈಟು ಧಾರಾಳವಾಗಿ ಉರಿಯುತ್ತಿತ್ತು.

ಪ್ರತಿಯೊಂದು ಸೆನ್ಸರಿನ ಕಪ್ಪು ಪಟ್ಟಿಯ ಮೇಲೂ ಮೂರು ಬೆರಳಿನ ವಿಭೂತಿ. ಅಂಚಿನಿಂದ ಅಂಚಿಗೆ, ಗಟ್ಟಿಯಾಗಿ, ಒಂದಿಷ್ಟೂ ಕಪ್ಪು ಕಾಣದ ಹಾಗೆ. ನಡುವೆ ಕುಂಕುಮದ ಬೊಟ್ಟು.

ಮೇಸ್ತ್ರಿ ಬಾಳೆಹೊನ್ನೂರಿನ ಕಡೆಯವರು. ಅವರ ಹಣೆಯ ಮೇಲೂ ಅಷ್ಟೇ ಗಟ್ಟಿಯಾದ ಮೂರು ಗೆರೆಗಳಿದ್ದವು.

"ಎಂತ ಮಾಡಿದ್ರಿ ಮೇಸ್ತ್ರಿ? ಅಲ್ಲಿಗೇ ಯಾಕೆ ಹಚ್ಚಿದ್ರಿ? ಪಕ್ಕದಲ್ಲಿ ಇಷ್ಟು ಜಾಗ ಇತ್ತಲ್ಲ!"

"ನೀವೇ ಹೇಳಿದ್ರಲ್ಲ ಸಾರ್, ಇದೇ ಜೀವ, ಇದಕ್ಕೆ ಮರ್ಯಾದೆ ಕೊಡಿ ಅಂತ. ಜೀವ ಬಿಟ್ಟು ಡಬ್ಬಿಗೆ ಹಚ್ಚಕ್ಕಾಗತ್ತಾ?"

ಒರೆಸಲು ನಾನು ಕರವಸ್ತ್ರ ತೆಗೆದೆ. ಮೇಸ್ತ್ರಿ ನನ್ನ ಮತ್ತು ಗೋಡೆಯ ನಡುವೆ ಬಂದು ನಿಂತರು. ಜಗಳದ ದನಿಯೇನಲ್ಲ, ತಿಳಿಹೇಳುವ ದನಿ. "ಪೂಜೆ ಆಗಿದೆ ಸಾರ್. ನಾಳೆ ಬೆಳಿಗ್ಗೆವರೆಗೆ ಮುಟ್ಟಂಗಿಲ್ಲ. ಈಗ ನಿಮ್ಮ ಹಣೇದು ನಾನು ಬಂದು ಒರೆಸಿದ್ರೆ ಹೆಂಗಿರತ್ತೆ?"

ನನ್ನ ಹಣೆಯ ಮೇಲೆ ಏನೂ ಇರಲಿಲ್ಲ. ಅದನ್ನು ಹೇಳಲು ಅದು ಸಮಯವೂ ಆಗಿರಲಿಲ್ಲ.

ಅಕ್ಕ ಬಂದರು. ಸಂಗತಿ ಕೇಳಿ ಅವರ ಮುಖ ಇಳಿಯಿತು. ಒಂದು ಕಡೆ ಆರ್ಡರು. ಇನ್ನೊಂದು ಕಡೆ ಗಂಡ ತೀರಿದ ಮೇಲೆ ಪ್ರೆಸ್ಸುಗಳನ್ನು ನಿಲ್ಲದಂತೆ ಓಡಿಸಿದ ಮೇಸ್ತ್ರಿ, ಮತ್ತು ಅವರ ಹಿಂದೆ ಮಂಡಕ್ಕಿ ಹಿಡಿದು ನಿಂತ ಹೆಂಗಸರು. ಪೂಜೆಯ ದಿನ ದೇವರದ್ದನ್ನು ಒರೆಸಿ ಹಾಕಿದ ಕಾರ್ಖಾನೆಯಲ್ಲಿ ನಾಳೆ ಯಾರ ಕೈ ಮೇಲೆ ಅಚ್ಚು ಬಿದ್ದರೂ ಕಾರಣ ಇದೇ ಆಗುತ್ತದೆ ಎಂದು ಅಕ್ಕನಿಗೆ ಗೊತ್ತಿತ್ತು.

"ಒರೆಸದೆ ಏನಾದ್ರೂ ಮಾಡು ಮಾರಾಯ. ಆದ್ರೆ ಸಾಲು ಕಡೀಬಾರ್ದು" ಎಂದರು.

ಮೇಸ್ತ್ರಿಗೂ ಪಾಪ, ಆರ್ಡರು ಬೇಕಿತ್ತು. ಅವರೇ ಒಂದು ದಾರಿ ಹೇಳಿದರು. "ಅಭಿಷೇಕ ಮಾಡಣ ಸಾರ್. ನೀರು ಹಾಕಿದಾಗ ಅದಾಗೇ ಇಳಿದು ಹೋದ್ರೆ ಅದು ಒರೆಸಿದಂಗಲ್ಲ. ತಪ್ಪಿಲ್ಲ."

ಒಂದು ಕ್ಷಣ ನಾನು ಒಪ್ಪಿಯೇ ಬಿಟ್ಟಿದ್ದೆ. ಚೊಂಬು ಕೂಡ ಬಂದಿತ್ತು. ಆಮೇಲೆ ನೆನಪಾಯಿತು: ಅದು ತೇವ ಅಳೆಯುವ ಸೆನ್ಸರು. ತಲೆಯ ಮೇಲೆ ನೀರು ಸುರಿದರೆ ನಮ್ಮ ಗೋದಾಮು ತುಂಗೆಯ ಮಡುವಿನಲ್ಲಿದೆ ಎಂದು ಕೊಯಮತ್ತೂರಿಗೆ ತಿಳಿಸುತ್ತದೆ.

ಹಾಗಾದರೆ ವಿಭೂತಿಯನ್ನು ದಾಟಿ ಹೋಗುವಷ್ಟು ಬೆಳಕು ಕೊಡಬೇಕು. ಇದು ನನ್ನ ಯೋಚನೆ ಎಂದೇ ನನ್ನ ನಂಬಿಕೆ. ತಮ್ಮದು ಎಂದು ಅಕ್ಕ ಈಗಲೂ ಹೇಳುತ್ತಾರೆ. ಶಾಮಿಯಾನದ ಅಂಗಡಿಯಿಂದ, ಮದುವೆಮನೆಗೆ ಹಾಕುವ ದೊಡ್ಡ ಹ್ಯಾಲೊಜೆನ್ ದೀಪಗಳನ್ನು ತರಿಸಿ ಒಂದೊಂದು ಸೆನ್ಸರಿನ ಮುಖಕ್ಕೂ ಒಂದೊಂದನ್ನು ಹಿಡಿದೆವು. ಸೊಳ್ಳೆಯಷ್ಟು ಕರೆಂಟು ಉತ್ಪಾದಿಸಲು ಇಡೀ ಮದುವೆಮನೆಯಷ್ಟು ಕರೆಂಟು ಉರಿಯತೊಡಗಿತು. ವಿಭೂತಿ ಧರಿಸಿದ ಸೆನ್ಸರುಗಳು ಆ ಪ್ರಭೆಯಲ್ಲಿ ಗರ್ಭಗುಡಿಯ ಮೂರ್ತಿಗಳಂತೆ ಹೊಳೆದವು. ಒಬ್ಬ ಹೆಂಗಸು ಕೈ ಮುಗಿದಳು.

ಮತ್ತು ಅವು ಎದ್ದವು! ಒಂದೊಂದಾಗಿ ಎದ್ದು ಲೆಕ್ಕ ಕಳಿಸತೊಡಗಿದವು. ಗಾಳಿಯಲ್ಲಿ ತೇವವೇ ಇಲ್ಲ ಎಂದವು. ಇಷ್ಟು ಒಣಗಿದ ಗೋದಾಮು ಮಲೆನಾಡಿನಲ್ಲಿ ಯಾರಿಗೂ ಇದ್ದಿರಲಿಕ್ಕಿಲ್ಲ. ನಾನು ಹೆಮ್ಮೆಯಿಂದ ಅಕ್ಕನಿಗೆ ಫೋನು ತೋರಿಸುತ್ತಿರುವಾಗ ಮೂಲೆಯಲ್ಲಿ ಗುಂಯ್‌ಗುಟ್ಟುತ್ತಿದ್ದ ತೇವ ಹೀರುವ ಮೆಷಿನ್ನು ಸದ್ದಿಲ್ಲದೆ ನಿಂತಿತು.

ಹ್ಯಾಲೊಜೆನ್ನಿನ ಕಾವಿಗೆ ಸೆನ್ಸರುಗಳ ಸುತ್ತಲಿನ ಗೇಣಗಲದ ಗಾಳಿ ಮಾತ್ರ ರಾಯಚೂರಾಗಿತ್ತು. ಅವುಗಳ ಮಾತು ನಂಬಿ ಮೆಷಿನ್ನು ವಿಶ್ರಾಂತಿಗೆ ಹೋಗಿತ್ತು. ಉಳಿದ ಗೋದಾಮಿನಲ್ಲಿ, ಪ್ಯಾಕು ಮಾಡಿಟ್ಟ ತಟ್ಟೆಗಳ ಮೇಲೆ, ಹೊರಗಿನ ತಂಡಿ ಮೆಲ್ಲಗೆ ಇಳಿಯುತ್ತಿತ್ತು. ದೀಪ ಆರಿಸಿದರೆ ಸಾಲು ಕಡಿಯುತ್ತದೆ. ಆರಿಸದಿದ್ದರೆ ತಟ್ಟೆ ಬೂಷ್ಟು ಹಿಡಿಯುತ್ತದೆ, ಅದೂ ಅತ್ಯುತ್ತಮ ಲೆಕ್ಕದ ಸಮೇತ.

ಅಕ್ಕ ಒಂದು ಕಟ್ಟಿನ ಮೇಲೆ ಅಂಗೈಯಿಟ್ಟು ನೋಡಿದರು. ಆಮೇಲೆ, "ದೀಪ ಆರ್ಸು. ತಟ್ಟೆ ಕೆಟ್ಟ ಮೇಲೆ ಆರ್ಡರ್ ಇಟ್ಕೊಂಡು ಎಂತ ಮಾಡೋದು" ಎಂದರು. ಮೆಷಿನ್ನನ್ನು ಕೈಯಿಂದಲೇ ಚಾಲೂ ಮಾಡಿಸಿದರು. ಸೆನ್ಸರುಗಳು ಮತ್ತೆ ಮಲಗಿದವು. "ನಾನೇ ಹೇಳಿಬಿಡ್ತೀನಿ. ಅವರಾಗಿ ಕೇಳೋವರೆಗೆ ಕಾಯೋದು ಬೇಡ."

ಕೊಯಮತ್ತೂರಿನ ಮ್ಯಾನೇಜರಿಗೆ ಫೋನು ಹೋಯಿತು. ಸ್ಪೀಕರಿಗೆ ಹಾಕಿದರು. ಮೇಸ್ತ್ರಿ ಕೈಕಟ್ಟಿ ನಿಂತರು. ಆ ಕಡೆ ಎತ್ತಿದವರ ಹಿಂದೆ ಗಂಟೆ, ಜಾಗಟೆ. ಮ್ಯಾನೇಜರು ತಮಿಳು ಬೆರೆತ ಕನ್ನಡದಲ್ಲಿ, ಅಕ್ಕ ಬಾಯಿ ತೆರೆಯುವ ಮೊದಲೇ ಮಾತಾಡಿದರು.

"ಮೇಡಂ, ನೀವು ಫೋನ್ ಮಾಡ್ತೀರಿ ಅಂತ ಗೊತ್ತಿತ್ತು. ತಪ್ಪು ನಮ್ದೇ. ನಿನ್ನೆ ಸಾಯಂಕಾಲದಿಂದ ನಿಮ್ಮ ರೀಡಿಂಗ್ ಒಂದೂ ತಗೊಂಡಿಲ್ಲ. ಕಂಪ್ಯೂಟರಿಗೆ ಚಂದನ ಹಚ್ಚಿ, ಮಾಲೆ ಹಾಕಿ, ಆಫ್ ಮಾಡಿಟ್ಟಿದ್ದಾರೆ. ನಾಳೆ ಪೂಜೆ ಆಗೋವರೆಗೆ ಮುಟ್ಟೋಕೆ ಬಿಡಲ್ಲ ಮೇಡಂ. ನಾನು ಹೇಳಿ ಹೇಳಿ ಸಾಕಾಯ್ತು."

ಮೇಸ್ತ್ರಿ ಕಟ್ಟಿದ ಕೈ ಬಿಚ್ಚಿ ಫೋನಿನ ಹತ್ತಿರ ಬಂದರು. ಮ್ಯಾನೇಜರು ಮುಂದುವರಿಸಿದರು.

"ಫಾರಿನ್ ಪಾರ್ಟಿಗೆ ಮಾತ್ರ ಹೇಳ್ಬೇಡಿ. ಸಾಲು ಕಡಿದದ್ದು ನಮ್ಮ ಕಡೆಯಿಂದ, ನಿಮ್ಮ ಆರ್ಡರಿಗೆ ಏನೂ ತೊಂದರೆ ಇಲ್ಲ. ಲಾರಿ ಹೇಳಿದ ದಿನವೇ ಬರತ್ತೆ."

ಅಕ್ಕ ನನ್ನ ಮುಖ ನೋಡಿದರು, ಮೇಸ್ತ್ರಿಯ ಮುಖ ನೋಡಿದರು. ನಂತರ ಗಂಭೀರವಾಗಿ, "ಹೀಗೆಲ್ಲ ಮಾಡಿದ್ರೆ ಹೆಂಗೆ? ನಾವಿಲ್ಲಿ ಎಷ್ಟು ಕಷ್ಟಪಟ್ಟು ಕಳಿಸ್ತೀವಿ ಗೊತ್ತಾ?" ಎಂದು ಗದರಿದರು.

"ಸಾರಿ ಮೇಡಂ, ಸಾರಿ."

ಮರುದಿನ ಬೆಳಿಗ್ಗೆ ಮೇಸ್ತ್ರಿ ಸ್ನಾನ ಮಾಡಿ ಬಂದು, ಒಣಬಟ್ಟೆಯಲ್ಲಿ ಒಂದೊಂದೇ ಸೆನ್ಸರಿನ ವಿಭೂತಿ ತೆಗೆದು ತಮ್ಮ ಹಣೆಗೇ ಹಚ್ಚಿಕೊಂಡರು. ಟ್ಯೂಬ್‌ಲೈಟಿನ ಕೆಳಗೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅವು ಲೆಕ್ಕ ಹೇಳತೊಡಗಿದವು. ತೇವ ಹದದಲ್ಲೇ ಇತ್ತು. ಅಕ್ಕ ತಕ್ಷಣ ಕೊಯಮತ್ತೂರಿಗೆ ಫೋನು ಮಾಡಿದರು.

"ನಮ್ದು ಎದ್ದಿದೆ. ನಿಮ್ದು?"

"ಇನ್ನೊಂದು ಹತ್ತು ನಿಮಿಷ ಮೇಡಂ" ಎಂದಿತು ಆ ಕಡೆಯ ದನಿ, "ಆರತಿ ನಡೀತಿದೆ."